ಹಿರಿಯರ ಪಕ್ಷ: ಜತ್ತ ಸೀಮೆ

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲೂ ಅದಕ್ಕೆ ಹೊಂದಿಕೊಂಡ ವಿಜಯಪುರ, ಸೊಲ್ಲಾಪುರ ಜಿಲ್ಲೆಗಳ ಕನ್ನಡ ಹಳ್ಳಿಗಳಲ್ಲೂ ಮಳೆಗಾಲ ಮುಗಿಯುವ ಹೊತ್ತಿಗೆ ತೀರಿಹೋದವರ ಹೆಸರಿನಲ್ಲಿ ನಡೆಯುವ ಆಚರಣೆ. ಪಂಚಾಂಗದ ಲೆಕ್ಕದಲ್ಲಿ ಇದು ಭಾದ್ರಪದ ಬಹುಳ ಪಾಡ್ಯದಿಂದ ಅಮಾವಾಸ್ಯೆಯವರೆಗಿನ ಹದಿನೈದು ದಿನ. ಶಾಸ್ತ್ರದ ಹೆಸರು ಪಿತೃಪಕ್ಷ ಅಥವಾ ಮಹಾಲಯ. ಮರಾಠಿ ಮಾತಾಡುವ ನೆರೆಯವರು ಪಿತೃಪಂಧರವಡಾ ಎನ್ನುತ್ತಾರೆ, ಕೊನೆಯ ದಿನವನ್ನು ಸರ್ವಪಿತ್ರಿ ಅಮಾವಾಸ್ಯೆ ಎನ್ನುತ್ತಾರೆ. ಕನ್ನಡ ಮನೆಗಳಲ್ಲಿ ಅದೇ ದಿನ ಮಾನವಮಿ ಅಮಾಸಿ. ಆದರೆ ಈ ಸೀಮೆಯಲ್ಲಿ ಸತ್ತವರನ್ನು ನೆನೆಯುವ ಕೆಲಸ ಹದಿನೈದು ದಿನಕ್ಕೆ ಮುಗಿಯುವುದಿಲ್ಲ. ಭಾದ್ರಪದದ ಹುಣ್ಣಿಮೆಗೆ ಜೋಕುಮಾರನ ಸಾವಿನಿಂದ ಅದು ಶುರುವಾಗುತ್ತದೆ. ದೀಪಾವಳಿಯ ಅಮಾವಾಸ್ಯೆಯನ್ನು ದಾಟಿ, ಕಾರ್ತಿಕದ ಕೊನೆಯ ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನ ಜಾತ್ರೆಯಲ್ಲಿ ನಿಲ್ಲುತ್ತದೆ. ಒಂದೇ ಹಬ್ಬವೆಂದು ಯಾರೂ ಹೇಳದಿದ್ದರೂ ಈ ಎರಡೂವರೆ ತಿಂಗಳನ್ನು ಒಟ್ಟಿಗೆ ನೋಡಿದರೆ ಮಾತ್ರ ಈ ಆಚರಣೆ ಅರ್ಥವಾಗುತ್ತದೆ.

ಸೀಮೆ ಮತ್ತು ಹಂಗಾಮು

ವಿಸ್ತಾರದಲ್ಲಿ ಜತ್ತ ಸಾಂಗಲಿ ಜಿಲ್ಲೆಯ ಅತಿ ದೊಡ್ಡ ತಾಲೂಕು. ಮೊದಲು ಇದು ಡಫಳೆ ಮನೆತನದ ಸಂಸ್ಥಾನವಾಗಿತ್ತು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, 1949ರಲ್ಲಿ ಹುಟ್ಟಿದ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. ಆ ಜಿಲ್ಲೆಗೆ ಸಾಂಗಲಿ ಎಂಬ ಹೆಸರು ಬಂದದ್ದು 1960ರಲ್ಲಿ. ಉಮದಿ, ಸಂಖ, ಉಮರಾಣಿ, ಬಿಳೂರ, ಮಾಡಗ್ಯಾಳ, ಗುಡ್ಡಾಪುರ ಮೊದಲಾದ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಕನ್ನಡ ಮಾಧ್ಯಮದ ಜಿಲ್ಲಾ ಪರಿಷತ್ ಶಾಲೆಗಳು ಇಲ್ಲಿ ಇಂದಿಗೂ ಇವೆ. ಲಿಂಗಾಯತರು, ಧನಗರರು ಎಂದೂ ಕರೆಸಿಕೊಳ್ಳುವ ಕುರುಬರು, ಮರಾಠರು, ಬೇಡರು, ಮಾಂಗ ಮತ್ತು ಮಹಾರ ಸಮುದಾಯದವರು, ಮುಸಲ್ಮಾನರು, ತಾಂಡಾಗಳ ಲಮಾಣಿಗಳು ಇಲ್ಲಿಯ ಮುಖ್ಯ ಜನ.

ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ನೆಲಕ್ಕೆ ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರಿನ ಆಸುಪಾಸು. ಜೂನ್, ಜುಲೈಯಲ್ಲಿ ಮೋಡ ಬರುತ್ತವೆ, ಹೋಗುತ್ತವೆ. ಮಳೆಯೆನ್ನುವಂಥ ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ, ಹುಬ್ಬಿ, ಉತ್ತರಿ, ಹಸ್ತ ಮಳೆಗಳ ಕಾಲದಲ್ಲಿ. ಮುಂಗಾರಿಯ ಸಜ್ಜಿ, ಹೆಸರು, ಉದ್ದು, ಮಡಿಕಿ ಮನೆ ಸೇರುವುದೂ ಹಿಂಗಾರಿಯ ಬಿಳಿಜೋಳ ಬಿತ್ತಲು ಕೂರಿಗೆ ಹೊರಬರುವುದೂ ಈ ದಿನಗಳಲ್ಲೇ. ಪಕ್ಷ ಬರುವುದು ಸರಿಯಾಗಿ ಈ ಎರಡು ಬೆಳೆಗಳ ನಡುವೆ. ಕೈಯಲ್ಲಿ ಹೊಸ ಕಾಳು ಇರುತ್ತದೆ, ಮುಂದಿನ ಬಿತ್ತನೆಗೆ ಮಳೆ ಇನ್ನೂ ಬೇಕಿರುತ್ತದೆ. ಹೊಸ ಕಾಳಿನ ಮೊದಲ ಊಟ ಹಿರಿಯರಿಗೆ, ಬೀಜ ನೆಲಕ್ಕೆ ಬೀಳುವಾಗ ಅವರ ಒಪ್ಪಿಗೆ ಬೇಕು ಎಂಬ ಭಾವ ಹುಟ್ಟಿದ್ದು ಪುರಾಣದಿಂದಲ್ಲ, ಈ ಹಂಗಾಮಿನಿಂದ ಎಂದೇ ತೋರುತ್ತದೆ.

ಇನ್ನೊಂದು ಕಾರಣ ಹೊಟ್ಟೆಪಾಡಿನದು. ಜತ್ತದ ಹಳ್ಳಿಗಳಿಂದ ಸಾವಿರಾರು ಮಂದಿ ಕಬ್ಬು ಕಡಿಯುವ ಟೋಳಿಗಳಾಗಿ ಕೃಷ್ಣಾ, ವಾರಣಾ ನದಿಗಳ ದಂಡೆಯ ಸಕ್ಕರೆ ಕಾರ್ಖಾನೆಗಳ ಕಡೆಗೆ ಹೋಗುತ್ತಾರೆ. ಕಾರ್ಖಾನೆ ಶುರುವಾಗುವುದು ದಸರೆ, ದೀಪಾವಳಿಯ ನಂತರ. ಒಮ್ಮೆ ಹೋದರೆ ಬೇಸಿಗೆಯವರೆಗೆ ಮನೆಗೆ ಬೀಗ. ಹಾಗಾಗಿ ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಒಂದೇ ಸೂರಿನಡಿ ಇದ್ದು ಅಜ್ಜನಿಗೆ ಎಡೆ ಹಿಡಿಯಲು ಸಿಗುವ ಕೊನೆಯ ದಿನಗಳು ಇವೇ.

ಜೋಕುಮಾರನ ಸಾವು

ಗಣಪತಿ ಬಂದು ಕೆಲದಿನಕ್ಕೆ, ಭಾದ್ರಪದ ಶುದ್ಧ ಅಷ್ಟಮಿಯ ಸುಮಾರಿಗೆ ಜೋಕುಮಾರ ಹುಟ್ಟುತ್ತಾನೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಇದು ದಟ್ಟವಾಗಿರುವ ಆಚರಣೆ. ಗಡಿಯ ಕನ್ನಡ ಹಳ್ಳಿಗಳು ಅದೇ ಜಾನಪದದ ಪಾಲುದಾರರು. ಬಾರಕೇರ, ಅಂಬಿಗ, ತಳವಾರ ಮನೆತನಗಳ ಹೆಣ್ಣುಮಕ್ಕಳು ಮಣ್ಣಿನ ಜೋಕುಮಾರನನ್ನು ಬುಟ್ಟಿಯಲ್ಲಿ ಕೂರಿಸಿ, ಸುತ್ತಲೂ ಬೇವಿನ ತಪ್ಪಲು ಸಿಕ್ಕಿಸಿ, ಬಾಯಿಗೆ ಬೆಣ್ಣೆ ಮೆತ್ತಿ, ಮನೆಮನೆಗೆ ಹೊತ್ತು ತಂದು ಹಾಡುತ್ತಾರೆ. ಮನೆಯವರು ಮೊರದಲ್ಲಿ ಜೋಳ ನೀಡುತ್ತಾರೆ. ಅವರು ಮರಳಿ ಕೊಡುವ ಬೇವಿನೆಲೆ, ನುಚ್ಚು, ಅಂಬಲಿಯನ್ನು ರೈತರು ಹೊಲಕ್ಕೆ ಚೆಲ್ಲುತ್ತಾರೆ. ಏಳು ದಿನ ಹೀಗೆ ತಿರುಗಿದ ಜೋಕುಮಾರ ಹುಣ್ಣಿಮೆಯ ರಾತ್ರಿ ಸಾಯುತ್ತಾನೆ. ಅವನನ್ನು ಕೊಂದು ತಲೆ ಒಡೆಯುವ ಶಾಸ್ತ್ರ ಅಗಸರು ಬಟ್ಟೆ ಒಗೆಯುವ ಕಲ್ಲಿನ ಬಳಿ ನಡೆಯುತ್ತದೆ. ಆಮೇಲೆ ಶೋಕದ ದಿನಗಳು. ಅಷ್ಟು ದಿನ ಆ ಕಡೆ ಬಟ್ಟೆ ಒಗೆಯಲು ಹೋಗುವಂತಿಲ್ಲ.

ಗಣಪತಿ ಶಿವನ ಬಳಿಗೆ ಹೋಗಿ ಭೂಲೋಕದಲ್ಲಿ ಎಲ್ಲ ಸೊಂಪಾಗಿದೆ, ಕಡಬು ಹೋಳಿಗೆ ಉಂಡೆ ಎಂದು ಹೇಳುತ್ತಾನಂತೆ. ಜೋಕುಮಾರ ಹೋಗಿ, ಮಳೆಯಿಲ್ಲದೆ ಜನ ಕಂಗೆಟ್ಟಿದ್ದಾರೆ, ನಾನು ಕಣ್ಣಾರೆ ಕಂಡೆ ಎನ್ನುತ್ತಾನಂತೆ. ಆಗ ಶಿವ ಮಳೆ ಕಳಿಸುತ್ತಾನೆ. ಸತ್ತವನೊಬ್ಬ ಬದುಕಿರುವವರ ಕಷ್ಟವನ್ನು ಮೇಲಕ್ಕೆ ಒಯ್ದು ಹೇಳುವ ಈ ಕತೆಯೇ ಮುಂದಿನ ಹದಿನೈದು ದಿನಗಳಿಗೆ ಬಾಗಿಲು. ಹುಣ್ಣಿಮೆಗೆ ಜೋಕುಮಾರ ಸತ್ತ ಮರುದಿನವೇ ಪಕ್ಷ ಹಿಡಿಯುತ್ತದೆ. ಜಾನಪದದ ಬರಹಗಳಲ್ಲಿ ಜೋಕುಮಾರನಿಗೆ ಫಲವಂತಿಕೆಯ ದೇವರೆಂಬ ಸ್ಥಾನ ಸಿಕ್ಕಿದೆ. ಹಿರಿಯರ ಪಕ್ಷಕ್ಕೂ ಅವನಿಗೂ ಇರುವ ಈ ನಂಟಿಗೆ ಅಷ್ಟೇ ಗಮನ ಸಲ್ಲಬೇಕು.

ತಿಥಿಗಳ ಲೆಕ್ಕ

ಯಾವ ತಿಂಗಳಲ್ಲಿ ತೀರಿಕೊಂಡಿದ್ದರೂ ಆ ತಿಥಿ ಪಕ್ಷದಲ್ಲಿ ಬಂದ ದಿನ ಆ ವ್ಯಕ್ತಿಯ ಎಡೆ. ಪಂಚಮಿಯಂದು ಹೋದವರಿಗೆ ಪಂಚಮಿ, ಏಕಾದಶಿಯಂದು ಹೋದವರಿಗೆ ಏಕಾದಶಿ. ಕೆಲವು ದಿನಗಳು ಮೀಸಲು. ಗಂಡನಿಗಿಂತ ಮೊದಲೇ ಮುತ್ತೈದೆಯಾಗಿ ಹೋದವಳಿಗೆ ಅವಿಧವಾ ನವಮಿ. ಆ ದಿನ ಇನ್ನೊಬ್ಬ ಮುತ್ತೈದೆಯನ್ನು ಕರೆದು ಉಣಬಡಿಸಿ, ಖಣ ಕೊಟ್ಟು, ಉಡಿ ತುಂಬಿ ಕಳಿಸುತ್ತಾರೆ. ಹೋದ ಅವ್ವನ ಉಡಿಯೇ ತುಂಬಿದಂತೆ ಎಂಬ ನಂಬಿಕೆ. ಅಪಘಾತ, ಆಯುಧ, ದುರ್ಮರಣಕ್ಕೆ ತುತ್ತಾದವರಿಗೆ ಚತುರ್ದಶಿ. ತಿಥಿ ಮರೆತವರಿಗೆ, ತಿಥಿಯೇ ಗೊತ್ತಿಲ್ಲದವರಿಗೆ, ಹಿಂದೆ ಮುಂದೆ ಯಾರೂ ಇಲ್ಲದೆ ಹೋದವರಿಗೆ ಕೊನೆಯ ಅಮಾವಾಸ್ಯೆ. ಪಂಚಾಂಗ ನೋಡುವ ರೂಢಿಯಿಲ್ಲದ ಬಹುಪಾಲು ಒಕ್ಕಲು ಮನೆಗಳು ಎಲ್ಲರ ಎಡೆಯನ್ನೂ ಅಮಾವಾಸ್ಯೆಗೇ ಇಟ್ಟುಕೊಳ್ಳುತ್ತವೆ.

ಯಾರೂ ಇಲ್ಲದವರ ಎಡೆ ಎಂಬುದು ಈ ನೆಲದಲ್ಲಿ ಬರಿ ಮಾತಲ್ಲ. 1791–92ರ ಬರವನ್ನು ವಿಜಯಪುರದ ಕಡೆ ಡೋಗಿ ಬರ ಎಂದು ಕರೆದರು. ಹೂಳುವವರೂ ಉಳಿಯದೆ ನೆಲದ ತುಂಬ ತಲೆಬುರುಡೆಗಳು ಬಿದ್ದಿದ್ದವೆಂಬ ನೆನಪಿನಿಂದ ಬಂದ ಹೆಸರದು. 1876–78ರ ಬರದಲ್ಲೂ 1972ರ ಬರದಲ್ಲೂ ಈ ಸೀಮೆ ಊರು ಬಿಟ್ಟು ಗುಳೆ ಹೋಯಿತು. ದಾರಿಯಲ್ಲಿ ಸತ್ತವರ ತಿಥಿಯನ್ನು ಬರೆದಿಟ್ಟವರು ಯಾರು? ಅಮಾವಾಸ್ಯೆಯಂದು ಹೆಸರಿಟ್ಟು ಕರೆದವರ ಎಡೆಗಳ ಪಕ್ಕದಲ್ಲಿ ಹೆಸರಿಲ್ಲದ ಒಂದು ಎಡೆ ಇಡುವ ಪದ್ಧತಿಯನ್ನು ಈ ಇತಿಹಾಸದೊಂದಿಗೇ ಓದಬೇಕು.

ಪಕ್ಷದಲ್ಲಿ ಮದುವೆ ಮಾತುಕತೆ, ಗೃಹಪ್ರವೇಶ, ಬಂಗಾರದ ಖರೀದಿ ಇಲ್ಲ. ಹೊಸ ಗಾಡಿ ಕೊಳ್ಳುವವರು ನವರಾತ್ರಿಯವರೆಗೆ ಕಾಯುತ್ತಾರೆ. ಇದನ್ನು ಅಶುಭ ಕಾಲ ಎನ್ನುವುದುಂಟು. ಮನೆಯ ಹಿರಿಯರೇ ಬಂದಿರುವ ದಿನಗಳು ಅಶುಭ ಹೇಗಾದಾವು? ಅವರು ಮನೆಯಲ್ಲಿರುವಾಗ ಬೇರೆ ಸಂಭ್ರಮ ಬೇಡ ಎಂಬ ಹಳ್ಳಿಯವರ ವಿವರಣೆಯೇ ಹೆಚ್ಚು ಸರಿ.

ಎಡೆ

ಅಮಾವಾಸ್ಯೆಗೆ ಮೊದಲು ಮನೆ ಹಸನು ಮಾಡುವ ಕೆಲಸವಿದೆ. ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿಯ ಸಾರಣೆ. ಹಾಸಿಗೆ, ಹೊದಿಕೆ, ಕೌದಿಗಳನ್ನೆಲ್ಲ ಹಳ್ಳಕ್ಕೋ ಕೆರೆಗೋ ಬಾವಿಗೋ ಒಯ್ದು ಒಗೆಯಲೇಬೇಕು. ಮಾನವಮಿ ಅಮಾಸಿಯ ಹಿಂದಿನ ವಾರದಲ್ಲಿ ಈ ಸೀಮೆಯ ನೀರಿನ ದಂಡೆಗಳ ಮೇಲೆ, ಬೇಲಿಗಳ ಮೇಲೆ, ಬಂಡೆಗಳ ಮೇಲೆ ಬಣ್ಣಬಣ್ಣದ ಕೌದಿಗಳು ಒಣಗುತ್ತಿರುತ್ತವೆ. ಕೌದಿ ಹೊಲಿಯುವುದು ಮನೆಯ ಹಳೆಯ ಸೀರೆಗಳಿಂದ. ಅಜ್ಜಿಯ ಇಳಕಲ್ ಸೀರೆಯ ಸೆರಗು, ಅತ್ತೆಯ ಪತ್ತಲದ ಅಂಚು, ಅಜ್ಜನ ಧೋತರದ ತುಂಡು ಎಲ್ಲ ಅದರೊಳಗೆ ಪದರಪದರವಾಗಿ ಕೂತಿರುತ್ತವೆ. ಸತ್ತವರ ಬಟ್ಟೆಯನ್ನು ಹೊದ್ದು ಮಲಗುವ ಮನೆ ವರ್ಷಕ್ಕೊಮ್ಮೆ ಅದನ್ನು ಒಗೆದು ಒಣಹಾಕುವುದು ಹಿರಿಯರು ಬರುವ ಹೊತ್ತಿಗೇ. ಇದಕ್ಕೆ ಯಾವ ಮಂತ್ರವೂ ಇಲ್ಲ, ಯಾವ ಗ್ರಂಥವೂ ಇದನ್ನು ಹೇಳಿಲ್ಲ.

ಎಡೆ ಹಿಡಿಯುವುದು ದೇವರ ಜಗಲಿಯ ಮುಂದೆ. ನೀರು ತುಂಬಿದ ತಾಮ್ರದ ತಂಬಿಗೆಯ ಬಾಯಿಗೆ ಐದು ವೀಳ್ಯದೆಲೆ, ಮೇಲೊಂದು ತೆಂಗಿನಕಾಯಿ. ಫೋಟೊ ಇದ್ದರೆ ಪಕ್ಕಕ್ಕೆ ಫೋಟೊ. ಬೆಳ್ಳಿಯ ತಗಡಿನಲ್ಲಿ ಉಬ್ಬು ಮೂರ್ತಿ ಹೊಡೆಸಿ ಜಗಲಿಯಲ್ಲಿಡುವ ಪದ್ಧತಿ ಮರಾಠರಲ್ಲೂ ಧನಗರರಲ್ಲೂ ಇದೆ. ಅದಕ್ಕೆ ಟಾಕ ಎನ್ನುತ್ತಾರೆ. ಕುಲದೇವರ ಟಾಕಗಳ ಸಾಲಿನಲ್ಲೇ ಹಿರಿಯರಿಗೂ ಜಾಗ. ಗಂಡಸಿಗೆ ಧೋತರ, ರುಮಾಲು ಅಥವಾ ಟೋಪಿ. ಹೆಂಗಸಿಗೆ ಪತ್ತಲ, ಖಣ, ಹಸಿರು ಬಳೆ. ಹೊಸ ಬಟ್ಟೆಯನ್ನು ಎಡೆಯ ಮುಂದಿಟ್ಟು ಪೂಜೆಯ ನಂತರ ಮನೆಯವರೇ ಉಡುತ್ತಾರೆ.

ಅಡಿಗೆ ಹೋದವರ ನಾಲಿಗೆಗೆ ಒಗ್ಗುವಂಥದ್ದು. ಹೂರಣದ ಹೋಳಿಗೆ, ಕಟ್ಟಿನ ಸಾರು, ಅನ್ನ, ಹಪ್ಪಳ, ಸಂಡಿಗೆ, ಭಜ್ಜಿ, ಹೊಸ ಸಜ್ಜಿಯ ರೊಟ್ಟಿ, ಹೆಸರುಕಾಳಿನ ಉಸುಳಿ ಇವು ಸಾಮಾನ್ಯ. ಮರಾಠಿ ಮನೆಗಳ ಪ್ರಭಾವದಿಂದ ಅಕ್ಕಿಯ ಖೀರು, ಉದ್ದಿನ ವಡೆ, ಕಢಿಯೂ ಸೇರಿವೆ. ಚವಳಿಕಾಯಿ, ಹಾಗಲಕಾಯಿ, ಕುಂಬಳಕಾಯಿ, ಬೆಂಡೆಕಾಯಿ ಪಲ್ಯಗಳು ಬೇಕೇ ಬೇಕು. ಪಕ್ಷದಲ್ಲಿ ಚವಳಿಕಾಯಿಯ ದರ ಏರುವ ಸುದ್ದಿ ಮಹಾರಾಷ್ಟ್ರದ ಪತ್ರಿಕೆಗಳಲ್ಲಿ ವರ್ಷವರ್ಷವೂ ಬರುತ್ತದೆ. ಅಪ್ಪನಿಗೆ ಚಹಾ ಇಲ್ಲದೆ ಬೆಳಗಾಗುತ್ತಿರಲಿಲ್ಲ ಎಂದರೆ ಒಂದು ಕಪ್ಪು ಚಹಾ, ಅಜ್ಜನಿಗೆ ತಂಬಾಕು ಚಟವಿದ್ದರೆ ತಂಬಾಕು ಸುಣ್ಣ. ಮಾಂಸ ಉಣ್ಣುವ ಕೆಲವು ಮನೆಗಳಲ್ಲಿ ಮಾಂಸದ ಎಡೆಯೂ ಉಂಟು. ಶಾಸ್ತ್ರ ಬಲ್ಲವರು ಇವನ್ನೆಲ್ಲ ಅಪಚಾರ ಎಂದಾರು. ಹೋದವರು ಹೋದಮೇಲೂ ಆ ಮನುಷ್ಯರೇ ಆಗಿ ಉಳಿಯುತ್ತಾರೆ, ಅವರ ರುಚಿ, ಚಟ, ಹಟಗಳ ಸಮೇತ ಮನೆಯವರು ಅವರನ್ನು ಕರೆಯುತ್ತಾರೆ ಎಂಬುದೇ ಈ ಆಚರಣೆಯ ಜೀವ.

ಎಡೆಯ ಮುಂದೆ ಕುಳ್ಳಿನ ಕೆಂಡ ಇಟ್ಟು ಲೋಬಾನ ಹಾಕುತ್ತಾರೆ. ಮನೆಯ ಪ್ರತಿಯೊಬ್ಬರೂ ಪ್ರತಿ ಪದಾರ್ಥದ ಒಂದೊಂದು ಚೂರನ್ನು ತುಪ್ಪದೊಡನೆ ಕೆಂಡಕ್ಕೆ ಹಾಕಿ, ಹೆಸರು ಹಿಡಿದು ಕರೆದು, ನೀರು ಬಿಡುತ್ತಾರೆ. ಕರೆಯುವ ಮಾತು ಸಂಸ್ಕೃತವಲ್ಲ, ಮನೆಯ ಕನ್ನಡ: ಉಣ್ಣು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ, ಮಕ್ಕಳನ್ನು ಕಾಯಿ. ವೈದಿಕ ಶ್ರಾದ್ಧದಲ್ಲಿ ಕರ್ತೃ ಗಂಡಸು. ಇಲ್ಲಿ ಅಡಿಗೆ ಮಾಡಿದ ಸೊಸೆಯೂ ಕೂಸನ್ನು ಎತ್ತಿಕೊಂಡ ಮಗಳೂ ಕೆಂಡಕ್ಕೆ ತುಪ್ಪ ಹಾಕುತ್ತಾರೆ.

ಆಮೇಲೆ ಒಂದು ಎಡೆ ಮಾಳಿಗೆಗೆ ಹೋಗುತ್ತದೆ. ಜತ್ತದ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು, ಮೇಲೆ ಹತ್ತಿ ನಿಲ್ಲಬಹುದು. ಮೇಲೆ ಎಡೆ ಇಟ್ಟು ಕಾಗೆಯನ್ನು ಕರೆಯುತ್ತಾರೆ. ಕಾಗೆ ಮುಟ್ಟುವ ತನಕ ಕೆಳಗೆ ಯಾರೂ ಉಣ್ಣುವಂತಿಲ್ಲ. ತಡವಾದರೆ ಹೋದವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ಮಾತು ಶುರುವಾಗುತ್ತದೆ: ತಮ್ಮನ ಮಗಳ ಮದುವೆ ಆಗಿಲ್ಲ, ಬಾವಿಯ ಪಾಲಿನ ಜಗಳ ಹರಿದಿಲ್ಲ. ಯಾರೋ ಒಬ್ಬರು ನಾನು ನೋಡಿಕೊಳ್ಳುತ್ತೇನೆ ಎಂದು ಮಾತು ಕೊಡುತ್ತಾರೆ. ಊರಿನ ಹತ್ತು ಮನೆಯ ಮಾಳಿಗೆಗಳ ಮೇಲಿಂದ ಕೇಳಿಸುವಂತೆ ಕೊಟ್ಟ ಈ ಮಾತನ್ನು ಮುರಿಯುವುದು ಸುಲಭವಲ್ಲ. ಕಾಗೆಯ ನಂತರ ದನಕ್ಕೆ, ನಾಯಿಗೆ, ಇರುವೆಗೆ, ಬಾಗಿಲಿಗೆ ಬಂದವರಿಗೆ ಒಂದೊಂದು ತುತ್ತು. ಹೊಲದಲ್ಲಿ ಹೂಳಿದವರಿದ್ದರೆ ಅಲ್ಲಿಗೂ ಒಂದು ಎಡೆ, ಒಂದು ಕಾಯಿ.

ಮರುದಿನ ಘಟ ಕೂರಿಸುವುದು. ಹೊಲದ ಮಣ್ಣು ತಂದು ಜಗಲಿಯ ಮುಂದೆ ಹರಡಿ, ನಡುವೆ ನೀರಿನ ಗಡಿಗೆ ಇಟ್ಟು, ಸುತ್ತ ಕಾಳು ಬಿತ್ತುತ್ತಾರೆ. ಒಂಬತ್ತು ದಿನದಲ್ಲಿ ಬರುವ ಮೊಳಕೆ ನೋಡಿ ಹಿಂಗಾರಿಯ ಬೆಳೆಯನ್ನು ಅಳೆಯುವವರಿದ್ದಾರೆ. ನಿನ್ನೆ ಹಿರಿಯರಿಗೆ ಎಡೆ ಹಿಡಿದ ಜಾಗದಲ್ಲೇ ಇಂದು ಬಿತ್ತನೆ. ಅಧಿಕಮಾಸ ಬಂದರೆ ಈ ಜೋಡಣೆ ಕಳಚುವುದುಂಟು. 2020ರಲ್ಲಿ ಅಧಿಕ ಆಶ್ವಯುಜ ಬಂದು ಅಮಾವಾಸ್ಯೆಗೂ ಘಟಸ್ಥಾಪನೆಗೂ ನಡುವೆ ಇಡೀ ಒಂದು ತಿಂಗಳು ಬಿದ್ದಿತ್ತು.

ಶಾಸ್ತ್ರ ಮತ್ತು ಅದನ್ನು ಒಪ್ಪದವರು

ಪಿತೃಗಳನ್ನು ಕರೆದು ಆಸನ ಕೊಡುವ ಸೂಕ್ತ ಋಗ್ವೇದದ ಹತ್ತನೆಯ ಮಂಡಲದಲ್ಲಿದೆ. ತಂದೆ, ಅಜ್ಜ, ಮುತ್ತಜ್ಜ ಎಂಬ ಮೂರು ತಲೆಗೆ ಪಿಂಡ, ಎಳ್ಳು, ದರ್ಭೆ, ಸೂರ್ಯ ಕನ್ಯಾರಾಶಿಯಲ್ಲಿರುವ ಕಾಲದ ಮಹಿಮೆ, ಇವೆಲ್ಲ ಗೃಹ್ಯಸೂತ್ರ, ಸ್ಮೃತಿ, ಪುರಾಣಗಳಲ್ಲಿ ಬೆಳೆದು ಬಂದವು. ಈ ಇಡೀ ಸಾಹಿತ್ಯವನ್ನು ರತ್ನಾಗಿರಿಯ ಕಡೆಯ ವಿದ್ವಾಂಸ ಪಾಂಡುರಂಗ ವಾಮನ ಕಾಣೆ ತಮ್ಮ ಧರ್ಮಶಾಸ್ತ್ರದ ಇತಿಹಾಸದ ನಾಲ್ಕನೆಯ ಸಂಪುಟದಲ್ಲಿ (1953) ಜಾಲಾಡಿದ್ದಾರೆ. ಜನರ ಬಾಯಲ್ಲಿರುವ ಕತೆ ಕರ್ಣನದು. ಬದುಕಿನುದ್ದಕ್ಕೂ ಬಂಗಾರ ದಾನ ಮಾಡಿದ ಕರ್ಣನಿಗೆ ಸ್ವರ್ಗದಲ್ಲಿ ಬಂಗಾರವನ್ನೇ ಬಡಿಸಿದರಂತೆ, ಅನ್ನ ಕೊಡಲಿಲ್ಲವಂತೆ. ಹಿರಿಯರಿಗೆ ಒಂದು ತುತ್ತೂ ಹಾಕದ ತಪ್ಪು ತಿದ್ದಿಕೊಳ್ಳಲು ಅವನು ಭೂಮಿಗೆ ಮರಳಿ ಬಂದ ಹದಿನೈದು ದಿನವೇ ಪಕ್ಷ.

ಜತ್ತದ ವಿಶೇಷವೆಂದರೆ ಶಾಸ್ತ್ರವನ್ನು ಒಪ್ಪದವರ ಪರಂಪರೆಯೂ ಇಲ್ಲಿ ಅಷ್ಟೇ ಗಟ್ಟಿ. ಪಕ್ಕದ ಮಂಗಳವೇಢೆ ಕಲಚುರಿಗಳ ರಾಜಧಾನಿ. ಬಸವಣ್ಣ ಬಿಜ್ಜಳನ ಆಸ್ಥಾನದಲ್ಲಿ ಕೆಲಸಕ್ಕೆ ನಿಂತದ್ದು ಮೊದಲು ಅಲ್ಲಿಯೇ ಎಂಬುದು ಪರಂಪರೆಯ ಮಾತು. ಶರಣರು ಸೂತಕವನ್ನು ಒಪ್ಪಲಿಲ್ಲ, ಪಿಂಡ, ತಿಥಿಗಳನ್ನು ಒಪ್ಪಲಿಲ್ಲ. ಲಿಂಗದಲ್ಲಿ ಬೆರೆತವನಿಗೆ ಪಿತೃಲೋಕದ ಹಂಗಿಲ್ಲ. ಲಿಂಗಾಯತರು ಹೆಣವನ್ನು ಕೂರಿಸಿ ಹೂಳುತ್ತಾರೆ, ವಿಭೂತಿ ಇಡುತ್ತಾರೆ, ಜಂಗಮರಿಗೆ ಉಣಬಡಿಸುತ್ತಾರೆ. ತತ್ವದ ಪ್ರಕಾರ ಅಲ್ಲಿಗೆ ಮುಗಿಯಿತು. ಆದರೆ ಮಾನವಮಿ ಅಮಾಸಿ ಬಂದಾಗ ಎಷ್ಟೋ ಲಿಂಗಾಯತ ಒಕ್ಕಲು ಮನೆಗಳಲ್ಲಿ ಹಿರಿಯರ ಪೂಜೆ ತಪ್ಪುವುದಿಲ್ಲ. ಇದನ್ನು ತತ್ವಭ್ರಷ್ಟತೆ ಎಂದು ತಳ್ಳಿಹಾಕುವುದು ಅವಸರದ ಮಾತು. ಅವರು ಮಾಡುವುದು ಶ್ರಾದ್ಧವಲ್ಲ. ಪಿಂಡವಿಲ್ಲ, ಪುರೋಹಿತನಿಲ್ಲ, ಪಿತೃಲೋಕದ ಮಾತಿಲ್ಲ. ಹೊಲವನ್ನು ಹಸನು ಮಾಡಿ ಬಿಟ್ಟುಹೋದವರಿಗೆ ಆ ಹೊಲದ ಮೊದಲ ರೊಟ್ಟಿ ಕೊಡುವುದು ಶರಣರ ಮಾತಿಗೆ ವಿರುದ್ಧವೆಂದು ಅವರಿಗೆ ಅನಿಸಿಲ್ಲ.

ಎರಡನೆಯ ಪ್ರವಾಹ ಜೋತಿಬಾ ಫುಲೆಯವರು 1873ರಲ್ಲಿ ಕಟ್ಟಿದ ಸತ್ಯಶೋಧಕ ಸಮಾಜದ್ದು. ಪುರೋಹಿತರಿಲ್ಲದೆ ಮನೆಯ ಕಾರ್ಯ ನಡೆಸುವ ಅದರ ಕರೆ ಸಾತಾರಾ, ಸಾಂಗಲಿ, ಕೊಲ್ಹಾಪುರದ ಸೀಮೆಯಲ್ಲಿ ಆಳವಾಗಿ ಇಳಿಯಿತು. ಮೂರನೆಯದು 1956ರ ಅಕ್ಟೋಬರ್ 14ರದು. ಆ ವರ್ಷದ ವಿಜಯದಶಮಿಯಂದು ನಾಗಪುರದಲ್ಲಿ ಡಾ. ಅಂಬೇಡ್ಕರರು ಬೌದ್ಧ ಧಮ್ಮ ಸ್ವೀಕರಿಸಿ ಅನುಯಾಯಿಗಳಿಗೆ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಶ್ರಾದ್ಧ, ಪಿಂಡದಾನ ಮಾಡುವುದಿಲ್ಲ ಎಂಬುದೂ ಒಂದು. ಮಹಾರಾಷ್ಟ್ರದ ನವಬೌದ್ಧ ಮನೆಗಳು ಪಕ್ಷವನ್ನು ಕೈಬಿಟ್ಟು, ತಮ್ಮವರನ್ನು ಬುದ್ಧವಂದನೆಯೊಡನೆ ಪುಣ್ಯಾನುಮೋದನದಲ್ಲಿ ನೆನೆಯುತ್ತವೆ. ಹೀಗೆ ಒಂದೇ ಊರಿನ ಮೂರು ಓಣಿಗಳಲ್ಲಿ ಒಂದು ಎಡೆ ಹಿಡಿಯುತ್ತದೆ, ಒಂದು ಪುರೋಹಿತನಿಲ್ಲದೆ ಹಿಡಿಯುತ್ತದೆ, ಒಂದು ಹಿಡಿಯುವುದೇ ಇಲ್ಲ. ಮೂವರೂ ತಮ್ಮ ಸತ್ತವರಿಗೆ ಗೌರವ ಸಲ್ಲಿಸುತ್ತಿದ್ದಾರೆ.

ದೀಪಾವಳಿ, ಹುಲಜಂತಿ, ತಾಂಡಾ

ದೀಪಾವಳಿಯಲ್ಲಿ ಸತ್ತವರ ನೆನಪು ದೀಪದ ರೂಪದಲ್ಲಿ ಬರುತ್ತದೆ. ಧನತ್ರಯೋದಶಿಯ ಸಂಜೆ ತೆಂಕಣ ದಿಕ್ಕಿಗೆ ಮುಖಮಾಡಿ ಹಚ್ಚುವ ದೀಪ ಯಮನಿಗೆ. ಇಂದು ಅಲಂಕಾರವಾಗಿ ತೂಗುವ ಆಕಾಶಬುಟ್ಟಿಯ ಹಿಂದೆ, ಮರಳಿ ಹೋಗುವ ಹಿರಿಯರಿಗೆ ದಾರಿ ತೋರಲು ಎತ್ತರದ ಗಳುವಿಗೆ ಕಟ್ಟುತ್ತಿದ್ದ ಆಕಾಶದೀಪವಿದೆ.

ಕುರುಬರ ದೊಡ್ಡ ದಿನವೂ ದೀಪಾವಳಿಯ ಅಮಾವಾಸ್ಯೆಯೇ. ಜತ್ತ ತಾಲೂಕಿಗೆ ಹತ್ತಿರದ ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ ಮಾಳಿಂಗರಾಯನ ಗುಡಿಯಿದೆ. ಬೀರಪ್ಪನ ಶಿಷ್ಯನಾಗಿದ್ದ ಈ ಸಿದ್ಧನ ಗುಡಿಯ ಶಿಖರಕ್ಕೆ ಅಮಾವಾಸ್ಯೆಯ ರಾತ್ರಿ ಸಾಕ್ಷಾತ್ ಶಿವನೇ ಬಂದು ಮುಂಡಾಸು ಸುತ್ತುತ್ತಾನೆಂಬುದು ನಂಬಿಕೆ. ಪಾಡ್ಯದಂದು ಸುತ್ತಲಿನ ಊರುಗಳ ಪಲ್ಲಕ್ಕಿಗಳು ಕೂಡುತ್ತವೆ. ಭಂಡಾರ, ಉಣ್ಣೆ, ಕೊಬ್ಬರಿ ತೂರುತ್ತಾರೆ, ಡೊಳ್ಳು ಬೀಳುತ್ತದೆ, ಮಹಾರಾಷ್ಟ್ರ ಕರ್ನಾಟಕಗಳ ಲಕ್ಷಾಂತರ ಜನ ಸೇರುತ್ತಾರೆ. ದಖ್ಖಣದ ಕುರಿಗಾರ ದೇವರುಗಳ ಬಗ್ಗೆ ದೀರ್ಘಕಾಲ ಕೆಲಸ ಮಾಡಿದ ಜರ್ಮನ್ ವಿದ್ವಾಂಸ ಗ್ಯುಂಟರ್ ಸೊಂಥೈಮರ್ ತೋರಿಸಿದ ಹಾಗೆ, ಈ ಪರಂಪರೆಯಲ್ಲಿ ಹಿರಿಯನಿಗೂ ದೇವರಿಗೂ ನಡುವೆ ಗೋಡೆಯಿಲ್ಲ. ಚೆನ್ನಾಗಿ ಬದುಕಿದ ಕುರಿಗಾರ ಸತ್ತಮೇಲೆ ಗುಡಿಯಾಗುತ್ತಾನೆ. ಮಾಡಗ್ಯಾಳದ ಎತ್ತರದ, ಉಬ್ಬಿದ ಮೂಗಿನ ಹೆಸರಾಂತ ಕುರಿಗಳನ್ನು ಸಾಕುವವರಿಗೆ ಮಾಳಿಂಗರಾಯ ಮನೆತನದ ಹಿರಿಯನೇ.

ಲಮಾಣಿ ತಾಂಡಾಗಳಲ್ಲಿ ಪಕ್ಷಕ್ಕಿಂತ ದೀಪಾವಳಿ ಮುಖ್ಯ. ಅಮಾವಾಸ್ಯೆಯ ರಾತ್ರಿ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಹಾಡುತ್ತಾರೆ. ಹಿರಿಯರಿಗೆ ಧಬುಕಾರ ಹಾಕುವುದೂ ಈ ಹಬ್ಬದಲ್ಲೇ: ಕೆಂಡದ ಮೇಲೆ ತುಪ್ಪ, ಬೆಲ್ಲದ ಲಾಪ್ಸಿ ಹಾಕುತ್ತ ತೀರಿಹೋದವರ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತಾರೆ. ಒಕ್ಕಲು ಮನೆಯ ಕೆಂಡ, ತುಪ್ಪ, ಹೆಸರುಗಳು ತಿಂಗಳ ನಂತರ ತಾಂಡಾದಲ್ಲಿ ಮತ್ತೆ ಕಾಣುತ್ತವೆ. ಮುಸಲ್ಮಾನರು ಗೋರಿಗಳಿಗೆ ದೀಪ, ಹೂ ಇಟ್ಟು ಓದಿಸುವ ಷಬ್-ಎ-ಬರಾತ್ ಚಾಂದ್ರ ವರ್ಷದ ಲೆಕ್ಕದ್ದಾದ್ದರಿಂದ ಈ ಋತುವಿಗೆ ಕಟ್ಟುಬಿದ್ದಿಲ್ಲ.

ಬೇರೆ ಕಡೆ

ಹಳೆ ಮೈಸೂರಿನಲ್ಲಿ ಪಕ್ಷದ ಎಡೆ ಹೆಚ್ಚಾಗಿ ಮಾಂಸದ್ದು, ಹೊಸ ಬಟ್ಟೆಯದು. ತುಳುನಾಡಿನಲ್ಲಿ ಸತ್ತವರಿಗೆ ಬಡಿಸುವ ತಿಂಗಳು ಮಳೆಗಾಲದ ಆಟಿ. ದೀಪಾವಳಿಗೆ ಅಲ್ಲಿ ಬಲೀಂದ್ರನನ್ನು ಕರೆಯುತ್ತಾರೆ. ಕೊಡಗಿನಲ್ಲಿ ಕುಲದ ಕಾರಣವನಿಗೆ ಮೀಸಲಾದ ಕೈಮಡವೇ ಇದೆ.

ಇನ್ನೂ ಆಚೆ ಹೋದರೆ, ಕ್ರೈಸ್ತಧರ್ಮ ಬರುವ ಮೊದಲಿನ ಐರ್ಲೆಂಡಿನಲ್ಲಿ ಸುಗ್ಗಿ ಮುಗಿದು ದನಗಳನ್ನು ಕೊಟ್ಟಿಗೆಗೆ ತರುವ ಹೊತ್ತಿನ ಸಾವಿನ್ ಹಬ್ಬ ಅಕ್ಟೋಬರ್ 31ರ ಇರುಳು ಶುರುವಾಗುತ್ತಿತ್ತು. ಸತ್ತವರ ಲೋಕದ ಬಾಗಿಲು ಆ ಇರುಳು ತೆರೆಯುತ್ತದೆಂದು ನಂಬಿದ್ದರು. ಒಂಬತ್ತನೆಯ ಶತಮಾನದ ಹೊತ್ತಿಗೆ ಚರ್ಚು ನವೆಂಬರ್ 1ನ್ನು ಸಕಲ ಸಂತರ ದಿನ ಮಾಡಿತು. ಮುಂದೆ ಫ್ರಾನ್ಸಿನ ಕ್ಲೂನಿ ಮಠದಿಂದ ನವೆಂಬರ್ 2ರ ಸಕಲ ಆತ್ಮಗಳ ದಿನ ಹರಡಿತು. ಮೆಕ್ಸಿಕೋದ ಮೂಲನಿವಾಸಿಗಳು ಇದೇ ದಿನಗಳಲ್ಲಿ ಹಿರಿಯರಿಗೆ ಚೆಂಡುಹೂವು, ರೊಟ್ಟಿ, ಇಷ್ಟದ ಪಾನೀಯ ಇಡುತ್ತಾರೆ. ಯುನೆಸ್ಕೊ 2008ರಲ್ಲಿ ಈ ಆಚರಣೆಯನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಜತ್ತಕ್ಕೆ ಎಲ್ಲರಿಗಿಂತ ಹತ್ತಿರದ್ದು ಕೊರಿಯಾದ ಚುಸೋಕ್. ಅವರ ಎಂಟನೆಯ ಚಾಂದ್ರಮಾಸದ ಹುಣ್ಣಿಮೆ ಸಾಮಾನ್ಯವಾಗಿ ನಮ್ಮ ಭಾದ್ರಪದದ ಹುಣ್ಣಿಮೆಯೇ. 2023ರ ಸೆಪ್ಟೆಂಬರ್ 29ರಂದು ಅಲ್ಲಿ ಹೊಸ ಅಕ್ಕಿಯ ಕಡುಬನ್ನು ಹಿರಿಯರಿಗೆ ಇಟ್ಟ ದಿನವೇ ಇಲ್ಲಿ ಜೋಕುಮಾರನ ಹುಣ್ಣಿಮೆ. ಒಬ್ಬರಿಂದ ಒಬ್ಬರು ಕಲಿತದ್ದಲ್ಲ ಇದು. ಸುಗ್ಗಿಯ ಕಾಳು ಕೈಗೆ ಬಂದಾಗ ಬೆಳೆಯಲು ಕಲಿಸಿದವರನ್ನು ನೆನೆಯುವುದು ಬೇಸಾಯಗಾರರ ಮನಸ್ಸು.

ಗುಡ್ಡಾಪುರ

ಹನ್ನೆರಡನೆಯ ಶತಮಾನದ ಶರಣೆ ದಾನಮ್ಮ ಜತ್ತ ತಾಲೂಕಿನ ಉಮರಾಣಿಯಲ್ಲಿ ಹುಟ್ಟಿದಳು. ಮೊದಲ ಹೆಸರು ಲಿಂಗಮ್ಮ. ದಾನಮ್ಮ ಎಂಬ ಹೆಸರು ಬಸವಣ್ಣ ಕೊಟ್ಟದ್ದೆಂದು ಪರಂಪರೆ ಹೇಳುತ್ತದೆ. ಅವಳು ಐಕ್ಯಳಾದ ಗುಡ್ಡಾಪುರಕ್ಕೆ ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರ, ಬಾಗಲಕೋಟೆ, ಸೊಲ್ಲಾಪುರಗಳಿಂದ ಜನ ನಡೆದು ಬರುತ್ತಾರೆ. ದಾರಿಯುದ್ದಕ್ಕೂ ಹಳ್ಳಿಯವರು ಚಹಾ, ಅವಲಕ್ಕಿ, ರೊಟ್ಟಿ ಕೊಡುತ್ತಾರೆ, ಕಾಲು ಒತ್ತುತ್ತಾರೆ. ಭಾದ್ರಪದದಲ್ಲಿ ಒಂದೊಂದು ಮನೆಯೂ ತನ್ನ ಅವ್ವನಿಗೆ ಎಡೆ ಹಿಡಿದಿತ್ತು. ಕಾರ್ತಿಕದ ಕೊನೆಗೆ ಇಡೀ ಸೀಮೆಗೆ ಒಬ್ಬಳೇ ಅವ್ವ, ಅವಳ ದಾಸೋಹದಲ್ಲಿ ಉಣ್ಣುವವರು ಮಕ್ಕಳು.

ಇಂದಿನ ಸ್ಥಿತಿ

ದ್ರಾಕ್ಷಿ, ದಾಳಿಂಬೆ ಬಂದಮೇಲೆ ಕೆಲಸದ ಲೆಕ್ಕ ಬದಲಾಗಿದೆ. ದ್ರಾಕ್ಷಿಯ ಅಕ್ಟೋಬರ್ ಛಾಟಣಿಗೆ, ಅಂದರೆ ಬಳ್ಳಿ ಸವರುವ ಕೆಲಸಕ್ಕೆ, ಮೊದಲು ಪಕ್ಷ ಮುಗಿಸುವ ಆತುರ ತೋಟದ ಮನೆಗಳಲ್ಲಿ ಕಾಣುತ್ತದೆ. ಪುಣೆ, ಮುಂಬೈಯಲ್ಲಿ ನೌಕರಿಗಿರುವವರು ರಜೆ ಸಿಕ್ಕ ಭಾನುವಾರ ಎಡೆ ಹಿಡಿಯುತ್ತಾರೆ. ಆರ್‌ಸಿಸಿ ಮನೆಗಳು ಮಾಳಿಗೆಯ ಜಾಗಕ್ಕೆ ಬಂದರೂ ಕಾಗೆಯ ಎಡೆ ತಾರಸಿಗೆ ಏರುತ್ತದೆ. ಕೌದಿ ಹೊಲಿಯುವ ಕೈಗಳು ಮಾತ್ರ ವರ್ಷವರ್ಷಕ್ಕೆ ಕಡಿಮೆಯಾಗುತ್ತಿವೆ.

ನಿಜಕ್ಕೂ ಕೈತಪ್ಪಬಹುದಾದದ್ದು ಮಾತು. ಜೋಕುಮಾರನ ಹಾಡು, ಮಾಳಿಂಗರಾಯನ ಡೊಳ್ಳಿನ ಪದ, ಎಡೆಯ ಮುಂದೆ ಹಿರಿಯರನ್ನು ಕರೆಯುವ ಮಾತುಗಳು ಇಲ್ಲಿಯ ಕನ್ನಡದಲ್ಲಿವೆ, ಮಕ್ಕಳ ಓದು ಮರಾಠಿಗೂ ಇಂಗ್ಲಿಷಿಗೂ ಸರಿಯುತ್ತಿದೆ. ವಿಜಯಪುರ, ಸೊಲ್ಲಾಪುರ, ಕೊಲ್ಹಾಪುರದ ವಿಶ್ವವಿದ್ಯಾಲಯಗಳಿಂದ ಜತ್ತ ಬಹಳ ದೂರವಿಲ್ಲ. ಕನ್ನಡ, ಮರಾಠಿ ಎರಡೂ ಬಲ್ಲ ವಿದ್ಯಾರ್ಥಿಗಳು ಒಂದು ಭಾದ್ರಪದದಿಂದ ಒಂದು ಕಾರ್ತಿಕದವರೆಗೆ ಉಮದಿ, ಸಂಖ, ಉಮರಾಣಿಗಳಲ್ಲಿ ಕೂತು ಇವನ್ನು ಹಾಡುವವರ ಬಾಯಿಂದಲೇ ಧ್ವನಿಮುದ್ರಿಸಿಕೊಳ್ಳಬೇಕು. ಮನೆಗಳವರು ತಮಗೆ ನೆನಪಿರುವ ಹಿರಿಯರ ಹೆಸರುಗಳನ್ನು, ಅವರ ಹೊಲದ ಹೆಸರುಗಳ ಸಮೇತ, ಒಂದು ವಹಿಯಲ್ಲಿ ಕನ್ನಡದಲ್ಲೇ ಬರೆದಿಡಬೇಕು.